ಬ್ರೇಕ್ ಒತ್ತಿದಾಗಷ್ಟೇ ನಡುಕ

ಸಮೀರವಾಡಿಯ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಒಮ್ಮೆ ಸಿಕ್ಕಿಕೊಂಡು ನೋಡಬೇಕು. ಎಂಜಿನ್ನಿಗೆ ಎರಡು ಟ್ರೇಲರು, ಟ್ರೇಲರಿನ ಮೈಗಿಂತ ಆಚೆ ಚಾಚಿಕೊಂಡ ಜಲ್ಲೆ, ರಸ್ತೆಯುದ್ದಕ್ಕೂ ಉದುರುವ ರವದಿ, ಮುಂದಿನಿಂದ ಕಿವಿ ಕಿತ್ತುಹೋಗುವ ಹಾಗೆ ಹಾಡು. ಹಿಂದೆ ಕೆಂಪು ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇಲ್ಲಿನ ಗೋದಾವರಿ ಕಾರ್ಖಾನೆ ಸಕ್ಕರೆಯ ಜೊತೆಗೆ ಎಥೆನಾಲನ್ನೂ ತಯಾರಿಸುತ್ತದೆ; ಹಂಗಾಮಿನಲ್ಲಿ ಕಬ್ಬಿನ ಹಾಲು ಕುದಿಯುವ ಸಿಹಿಯ ಬೆನ್ನಿಗೇ ಕಾಕಂಬಿಯ ಹುಳಿ ಕಮಟು ಗಾಳಿಯಲ್ಲಿ ತೇಲಿ ಬರುತ್ತದೆ. ಈ ದಾರಿಯಲ್ಲಿ ಕಾರು ಓಡಿಸುವವನ ಬಲಗಾಲು ಬ್ರೇಕ್ ಬಿಟ್ಟು ಬಹಳ ದೂರ ಹೋಗುವುದಿಲ್ಲ.

ಮಹಾಲಿಂಗಪುರ ದಾಟಿ ಬರುವಾಗ ಅಂಥದೊಂದು ಟ್ರೇಲರು ಎದುರಿಗೇ ನಿಧಾನಿಸಿತು. ಬ್ರೇಕ್ ಒತ್ತಿದೆ. ಕಾರೇನೋ ನಿಂತಿತು, ಆದರೆ ನಿಲ್ಲುವ ಮೊದಲು ಸ್ಟೇರಿಂಗು ನನ್ನ ಕೈಯಲ್ಲಿ ಜ್ವರ ಬಂದವರ ಹಾಗೆ ಗಡಗಡ ನಡುಗಿತು. ಕೆಲವು ದಿನಗಳಿಂದ ಸಣ್ಣಗೆ ಇದ್ದದ್ದು ಈಗ ಅಡಗಿಸಿಡಲು ಬಾರದ ಹಾಗಾಗಿತ್ತು.

ಬನ್ನಿ, ಗ್ಯಾರೇಜಿನ ಈ ಬೇವಿನ ಮರದ ಕೆಳಗೆ ಕೂಡೋಣ. ತಗಡಿನ ಶೆಡ್ಡು, ಎಣ್ಣೆ ಕುಡಿದು ಕುಡಿದು ಮತ್ತಷ್ಟು ಕಪ್ಪಾದ ಎರೆಮಣ್ಣು, ಸವೆದ ಟೈರುಗಳ ಮೇಲೆ ಕುಳಿತು ಚಹಾ ಹೀರುವ ಇಬ್ಬರು ಚಾಲಕರು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದವರು ಬಾನೆಟ್ಟಿನ ಕಡೆ ಕಣ್ಣೂ ಹಾಯಿಸಲಿಲ್ಲ.

“ಬ್ರೇಕ್ ಹೊಡದಾಗಷ್ಟ ನಡಗತೈತೋ, ಸುಮ್ನ ಹೋಗುಮುಂದನೂ ನಡಗತೈತೋ?”

“ಹೊಡದಾಗಷ್ಟ್ರೀ ಕಾಕಾ.”

“ಕೈಗೆ ಹತ್ತತೈತೋ, ಕುಂತಲ್ಲಿ ಹತ್ತತೈತೋ?”

“ಕೈಗೆ.”

ಈ ಎರಡು ಪ್ರಶ್ನೆಯಲ್ಲಿ ಅರ್ಧ ಕೆಲಸ ಮುಗಿದಿತ್ತು. ಸುಮ್ಮನೆ ಓಡುವಾಗಲೂ ನಡುಗಿದರೆ ಸಂಶಯ ಚಕ್ರದ ಬ್ಯಾಲೆನ್ಸಿನ ಮೇಲೆ, ಟೈರಿನ ಮೇಲೆ. ಬ್ರೇಕ್ ಒತ್ತಿದಾಗ ಮಾತ್ರ ಸೀಟು ನಡುಗಿದರೆ ಮೊದಲು ಹಿಂದಿನ ಡ್ರಮ್ಮು ಬಿಚ್ಚಬೇಕು. ಕೈಯಲ್ಲಿ ನಡುಕ ಬಂದರೆ ಮುಂದಿನ ಡಿಸ್ಕು. ಆದರೂ ಅವರು ಮಾತನ್ನಷ್ಟೇ ನಂಬದೆ ತಾವೇ ಕಾರು ಓಡಿಸಿಕೊಂಡು ಹೋಗಿ ಬಂದರು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತದೆ. ಸುತ್ತಿಗೊಂದು ಸಲ ಸಣ್ಣದೊಂದು ತಡೆ ಸಿಕ್ಕರೂ ಕೈಗೆ ಸೆಕೆಂಡಿಗೆ 12 ಏಟು.

ಜಾಕ್ ಏರಿಸುವ ಮೊದಲೇ ಹುಡುಗ ಪಾನಾ ಹಚ್ಚಿದ. ಮೊದಲನೆಯ ನಟ್ಟು ಕದಲಲಿಲ್ಲ. ಪಾನಾಕ್ಕೆ ಪೈಪು ತೂರಿಸಿ, ಮೇಲೆ ಹತ್ತಿ ನಿಂತು ಜಗ್ಗಬೇಕಾಯಿತು. ಅದರ ಪಕ್ಕದ್ದು ಒಂದೇ ಕೈಗೆ ತಿರುಗಿತು. ಮಿಸ್ತ್ರಿ ನನ್ನ ಮುಖ ನೋಡಿದರು.

“ಟೈರ್ ಬದಲಿ ಮಾಡಿಸಿ ಎಷ್ಟ ದಿನಾತ್ರಿ?”

“ನಾಕ ತಿಂಗಳಾತು.”

“ಗಾಳಿ ಗನ್ನಿಲೆ ಹೊಡದಾರ,” ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು.

ಚಕ್ರ ಕೆಳಗಿಳಿಯಿತು. ಕ್ಯಾಲಿಪರಿನ ಪಿನ್ನುಗಳು ಬೆರಳಿಗೆ ಸಲೀಸಾಗಿ ಜಾರಿದವು; ಅಲ್ಲಿ ತಪ್ಪಿಲ್ಲ. ಆಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಡಯಲ್ ಗೇಜು ಹೊರಬಂತು. ಡಿಸ್ಕನ್ನು ನಟ್ಟು, ವಾಶರು ಹಾಕಿ ಬಿಗಿದು, ಗೇಜಿನ ಕಡ್ಡಿಯನ್ನು ಅಂಚಿನ ಹತ್ತಿರ ಮುಖಕ್ಕೆ ತಾಗಿಸಿ ಮೆಲ್ಲಗೆ ತಿರುಗಿಸಿದರು. ಮುಳ್ಳು ಅತ್ತ ಹೋಯಿತು, ಇತ್ತ ಬಂತು: 0.12 ಮಿ.ಮೀ. ಡಿಸ್ಕು ಬಿಚ್ಚಿ ನೋಡಿದರೆ ಹಬ್ಬಿನ ಮುಖದ ಮೇಲೆ, ಹೆಬ್ಬೆರಳಿನ ಉಗುರಿನಗಲ, ತುಕ್ಕು ಹಿಡಿದ ಹಕ್ಕಳೆ. ಹಳೆಯ ಗರಗಸದ ಅಲಗಿನಿಂದ ಕೆರೆದು, ತಂತಿ ಬ್ರಶ್ಶಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಡಿಸ್ಕು ಕೂರಿಸಿ ಮತ್ತೆ ತಿರುಗಿಸಿದರು. 0.04.

ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ನಾಲ್ಕು ತಿಂಗಳು ಓರೆಯಾಗಿ ತಿರುಗಿದ ಡಿಸ್ಕು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಪ್ಯಾಡಿಗೆ ಉಜ್ಜಿ, ಅಲ್ಲಷ್ಟೇ ತೆಳುವಾಗಿತ್ತು. ಮಿಸ್ತ್ರಿ ಸೀಮೆಸುಣ್ಣದಿಂದ ಸುತ್ತಲೂ ಎಂಟು ಗುರುತು ಹಾಕಿ, ಒಂದೊಂದನ್ನೂ ಮೈಕ್ರೋಮೀಟರಿನ ಬಾಯಿಗೆ ಕೊಟ್ಟರು. ಹೆಚ್ಚು ಕಡಿಮೆಯ ಅಂತರ 0.03 ಮಿ.ಮೀ., ತಲೆಗೂದಲಿನ ಅರ್ಧ ದಪ್ಪವೂ ಇಲ್ಲ. ಅಷ್ಟು ಸಾಕು: ದಪ್ಪ ಜಾಗ ಬಂದಾಗ ಪ್ಯಾಡು ಹಿಂದಕ್ಕೆ ಸರಿದು ಪಿಸ್ಟನ್ನನ್ನು ತಳ್ಳುತ್ತದೆ, ತೆಳು ಜಾಗ ಬಂದಾಗ ಮುಂದೆ ಬರುತ್ತದೆ, ಹಿಡಿತ ಏರುತ್ತದೆ, ಇಳಿಯುತ್ತದೆ.

“ಡಿಸ್ಕ್ ಬೆಂಡ್ ಆಗೇತಿ ಅಂತಾರಲ್ರೀ ಎಲ್ಲಾರೂ?” ಎಂದೆ.

“ಬೀಡ ಕಬ್ಬಿಣ ಎಲ್ಲೆ ಬಾಗತೈತ್ರಿ, ಒಡೀತೈತಿ.”

ವಿಪರೀತ ಕಾದರೆ ಬಾಗುವುದೂ ಉಂಟು, ಆದರೆ ಅಪರೂಪ. ಬೆಂಡೆಂದು ಎಸೆಯುವ ಡಿಸ್ಕುಗಳಲ್ಲಿ ಬಹಳಷ್ಟು ಹೀಗೆ ಏರುಪೇರು ಸವೆದವು, ಇಲ್ಲವೇ ಪ್ಯಾಡಿನ ಮಸಿ ಒಂದೇ ಕಡೆ ಅಂಟಿಸಿಕೊಂಡವು. ಜೋರು ಬ್ರೇಕ್ ಹೊಡೆದು ಡಿಸ್ಕು ಕೆಂಡವಾಗಿರುವಾಗ, ಟ್ರೇಲರಿನ ಹಿಂದೆ ನಿಂತಲ್ಲೇ ಪೆಡಲ್ ಒತ್ತಿ ಹಿಡಿದರೆ ಆ ಅಚ್ಚು ಬೀಳುತ್ತದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ 15 ಎಂದು ಕೆತ್ತಿತ್ತು. ಇನ್ನೂ 16ರ ಮೇಲಿತ್ತು. ಹಾಗಾಗಿ ಹೊಸದು ಬೇಡ, ಲೇತಿಗೆ ಹಾಕಿದರಾಯಿತು. ಎಡ, ಬಲ ಎರಡನ್ನೂ. ಟರ್ನರ್ ಉಳಿಯನ್ನು ಹಗುರಾಗಿ ತಾಗಿಸಿದ. ಮೊದಲು ಸರ್… ಸರ್… ಎಂದು ತಡೆತಡೆದು ಬಂದ ಸದ್ದು, ಉಬ್ಬು ಕಳೆಯುತ್ತ ಬಂದಂತೆ ಒಂದೇ ಎಳೆಯಾಯಿತು. ಉಕ್ಕಾದರೆ ಸುರುಳಿ ಸುರುಳಿ ಬರುತ್ತದೆ. ಬೀಡು ಕರಿ ಹುಡಿಯಾಗಿ ಉದುರಿತು.

ಪ್ಯಾಡುಗಳನ್ನು ಎಮರಿ ಕಾಗದದ ಮೇಲೆ ತಿಕ್ಕಿ, ಡಿಸ್ಕಿನ ಜಿಡ್ಡು ಒರೆಸಿ ಜೋಡಿಸಿದರು. ನಟ್ಟುಗಳ ಸರದಿ ಬಂದಾಗ ಹುಡುಗನನ್ನು ಬದಿಗೆ ಸರಿಸಿ ತಾವೇ ಕುಳಿತರು: ಒಂದು ಇತ್ತಲಿನದು, ಮುಂದಿನದು ಅದರ ಎದುರಿನದು, ಮೊದಲು ಅರೆಬಿಗಿ, ಆಮೇಲೆ ಪೂರ್ತಿ. ಕೊನೆಗೆ ಟಾರ್ಕ್ ಪಾನಾ ‘ಕಟ್’ ಎಂದಿತು, ಕೈ ನಿಂತಿತು. ಸಣ್ಣ ಕಾರಿಗೆ ಬೇಕಾದ ಬಿಗಿ, ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 10 ಕೆ.ಜಿ. ತೂಗಿದಷ್ಟು. ಪೈಪು ಹಾಕಿ ಮೇಲೆ ನಿಲ್ಲುವಷ್ಟಲ್ಲ.

ಇನ್ನು ಪ್ಯಾಡು, ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು: ಖಾಲಿ ರಸ್ತೆ ನೋಡಿ ವೇಗವನ್ನು 50ರಿಂದ 10ಕ್ಕೆ ಬ್ರೇಕ್ ಒತ್ತಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು. ಹೀಗೆ ಹತ್ತು ಸಲ. ಆರನೆಯ ಸಲಕ್ಕೆ ಸುಟ್ಟ ವಾಸನೆ ಬಂತು, ಅದು ಬರಬೇಕಾದ್ದೇ. ಮುಧೋಳದ ಕಡೆ ತಿರುಗುವ ಹೊತ್ತಿಗೆ ಮುಂದೆ ಮತ್ತೊಂದು ಜೋಡಿ ಟ್ರೇಲರು. ಒತ್ತಿದೆ. ಸ್ಟೇರಿಂಗಿನ ಮೇಲೆ ಎರಡೇ ಬೆರಳಿಟ್ಟಿದ್ದೆ, ಅವು ಅಲ್ಲಾಡಲಿಲ್ಲ.

ಇನ್ನು ಟೈರ್ ಬದಲಿಸುವಾಗ ನೀವು ಚಹಾಕ್ಕೆ ಹೋಗಬೇಡಿ. ಹಬ್ಬಿನ ಮುಖ ಒರೆಸಿದರೋ ಇಲ್ಲವೋ, ನಟ್ಟನ್ನು ಕೊನೆಗೆ ಕೈಪಾನಾದಿಂದ ಬಿಗಿದರೋ ಇಲ್ಲವೋ, ನಿಂತು ನೋಡಿ, 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿಕೊಳ್ಳಿ.