ಕಾಯಿಲೆ ಹೋಗಿಲ್ಲ, ಮಲಗಿದೆ!

ಗುಣವಾಯಿತೆಂದು ಮಾತ್ರೆ ಬಿಟ್ಟರೆ ಅಪಾಯ. ಮಯೋಸೈಟಿಸ್ ರೋಗಿಗಳಿಗೆ ಬೆಟ್ಟದ ಬದುಕಿನಲ್ಲಿ ಇರಲಿ ಎಚ್ಚರ

ಉದಗಮಂಡಲ: 'ನೋಡಕ್ಕೆ ಚೆನ್ನಾಗೇ ಇದ್ದೀಯಲ್ಲವ್ವಾ, ಇನ್ನೂ ಯಾಕೆ ಮಾತ್ರೆ ನುಂಗ್ತೀಯಾ?'

ದೊಡ್ಡ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವ ಮಾತು ಇದು. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಕೆಲವು ಕಾಯಿಲೆಗಳಲ್ಲಿ ಈ ಮಾತಿಗೆ ಕಿವಿಗೊಟ್ಟು ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು. ಅಂಥ ಅಪರೂಪದ ಕಾಯಿಲೆಗಳಲ್ಲಿ ಒಂದು ಮಯೋಸೈಟಿಸ್.

ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ಕಾವಲು ಪಡೆ ದಾರಿ ತಪ್ಪಿ ನಮ್ಮದೇ ಅಂಗಗಳ ಮೇಲೆ ಬೀಳುವುದಕ್ಕೆ 'ಆಟೋ ಇಮ್ಯೂನ್' ಕಾಯಿಲೆ ಎನ್ನುತ್ತಾರೆ. ಮಯೋಸೈಟಿಸ್‌ನಲ್ಲಿ ಈ ದಾಳಿ ಸ್ನಾಯುಗಳ ಮೇಲೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಯಾರ ಶಾಪವೂ ಅಲ್ಲ, ಮಾಡಿದ ತಪ್ಪಿನ ಫಲವೂ ಅಲ್ಲ.

ಮೆಟ್ಟಿಲೇ ಮೊದಲ ಸುಳಿವು

ಸೊಂಟ, ತೊಡೆ, ಭುಜದ ಸ್ನಾಯುಗಳಿಗೆ ಮೊದಲು ಪೆಟ್ಟು ಬೀಳುತ್ತದೆ. ನೆಲದ ಮೇಲೆ ಕೂತವರು ಏಳಲು ಪರದಾಡುತ್ತಾರೆ. ತಲೆ ಬಾಚಲು ಕೈ ಎತ್ತಲಾಗುವುದಿಲ್ಲ. ಊಟಿ, ಕೂನೂರಿನಂಥ ಊರುಗಳಲ್ಲಿ ರಸ್ತೆಯಿಂದ ಮನೆಗೆ ಹತ್ತಾರು ಮೆಟ್ಟಿಲು ಹತ್ತಿಳಿಯುವವರಿಗೆ ಇದು ಬೇಗ ಗೊತ್ತಾಗಬೇಕು. ಆದರೆ 'ಚಳಿಗೆ ಕಾಲು ಹಿಡ್ಕೊಂಡಿದೆ', 'ವಯಸ್ಸಾಯ್ತು' ಎಂದು ತಿಂಗಳುಗಟ್ಟಲೆ ಎಣ್ಣೆ ಹಚ್ಚಿಕೊಂಡು ಕೂರುವುದೇ ಹೆಚ್ಚು.

ಇದರಲ್ಲೇ ಒಂದು ಬಗೆಯಾದ ಡರ್ಮಟೊಮಯೋಸೈಟಿಸ್‌ನಲ್ಲಿ ಚರ್ಮಕ್ಕೂ ತೊಂದರೆ. ಕಣ್ಣ ರೆಪ್ಪೆಯ ಮೇಲೆ ನೇರಳೆ ಬಣ್ಣ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ ಕಾಣಿಸಬಹುದು. ಕೆಲವರಿಗೆ ನುಂಗಲು ಕಷ್ಟವಾಗುತ್ತದೆ, ಇನ್ನು ಕೆಲವರಿಗೆ ಶ್ವಾಸಕೋಶವೇ ಕೆಡುತ್ತದೆ. ರಕ್ತದಲ್ಲಿ ಸಿ.ಕೆ. ಎಂಬ ಅಂಶದ ಪರೀಕ್ಷೆ, ಎಂ.ಆರ್.ಐ., ಬೇಕಾದರೆ ಸ್ನಾಯುವಿನ ಚೂರು ತೆಗೆದು ನೋಡುವ ಬಯಾಪ್ಸಿಯಿಂದ ಕಾಯಿಲೆ ಪತ್ತೆ ಹಚ್ಚುತ್ತಾರೆ.

ಸಮಂತಾ ಹೇಳಿದ ಮೇಲೆ

ಈ ಹೆಸರು ದಕ್ಷಿಣದ ಮನೆಮನೆಗೆ ತಲುಪಿದ್ದು 2022ರ ಅಕ್ಟೋಬರ್ ಕೊನೆಯಲ್ಲಿ. ಚೆನ್ನೈನಲ್ಲಿ ಹುಟ್ಟಿ ಬೆಳೆದ ನಟಿ ಸಮಂತಾ ತಮಗೆ ಮಯೋಸೈಟಿಸ್ ಇದೆಯೆಂದು ಆಗ ಬಹಿರಂಗವಾಗಿ ಹೇಳಿಕೊಂಡರು. 'ಯಶೋದಾ' ಚಿತ್ರದ ಡಬ್ಬಿಂಗ್ ಕೋಣೆಯಲ್ಲಿ ಕೈಗೆ ಡ್ರಿಪ್ ಹಾಕಿಸಿಕೊಂಡು ಕೂತಿದ್ದ ಅವರ ಚಿತ್ರವನ್ನು ಎಲ್ಲರೂ ನೋಡಿದರು. ಕಾಯಿಲೆ ಹತೋಟಿಗೆ ಬಂದ ಮೇಲೆ ಹೇಳೋಣ ಎಂದುಕೊಂಡಿದ್ದೆ, ಅದು ಎಣಿಸಿದ್ದಕ್ಕಿಂತ ನಿಧಾನವಾಗುತ್ತಿದೆ ಎಂಬುದು ಅವರ ಮಾತಿನ ಸಾರ. 2023ರಲ್ಲಿ ನಟನೆಗೆ ಬಿಡುವು ಕೊಟ್ಟರು. 2024ರ ನವೆಂಬರ್‌ನಲ್ಲಿ 'ಸಿಟಾಡೆಲ್: ಹನಿ ಬನಿ' ಸರಣಿ ಮೂಲಕ ಮತ್ತೆ ಪ್ರೇಕ್ಷಕರ ಮುಂದೆ ಬಂದರು.

ಹಣ, ವೈದ್ಯರು, ಅನುಕೂಲ ಎಲ್ಲ ಇದ್ದವರಿಗೂ ಚೇತರಿಕೆಗೆ ಇಷ್ಟು ಕಾಲ ಹಿಡಿಯಿತು. ಇನ್ನು ಟೀ ತೋಟಕ್ಕೋ ಕ್ಯಾರೆಟ್ ಹೊಲಕ್ಕೋ ಹೋದರೆ ಮಾತ್ರ ಕೂಲಿ ಕಾಣುವವರ ಪಾಡೇನು?

'ರೆಮಿಷನ್' ಅಂದರೆ ಏನು?

ಚಿಕಿತ್ಸೆ ಹಿಡಿದ ಮೇಲೆ ಒಂದು ಹಂತದಲ್ಲಿ ವೈದ್ಯರು 'ರೆಮಿಷನ್‌ಗೆ ಬಂದಿದೆ' ಎನ್ನುತ್ತಾರೆ. ಕನ್ನಡದಲ್ಲಿ ಉಪಶಮನ ಎನ್ನಬಹುದು. ಸ್ನಾಯುವಿನ ಉರಿಯೂತ ನಿಂತಿದೆ, ರಕ್ತದ ವರದಿ ಸರಿಯಿದೆ, ಶಕ್ತಿ ಮರಳುತ್ತಿದೆ ಎಂದು ಇದರ ಅರ್ಥ. ಕಾಯಿಲೆ ಬೇರುಸಹಿತ ಹೋಯಿತು ಎಂದಲ್ಲ. ಅದು ಮಲಗಿದೆ, ಅಷ್ಟೆ. ಬಹಳ ಜನರಲ್ಲಿ ಅದನ್ನು ಮಲಗಿಸಿಟ್ಟಿರುವುದು ಆ ಮಾತ್ರೆಗಳೇ.

ಮೊದಲು ಕೊಡುವುದು ಸ್ಟಿರಾಯ್ಡ್. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದು ಕಡಿಮೆ ಮಾಡುತ್ತದೆ. ಹಲವು ವಾರ ನುಂಗಿ ಒಮ್ಮೆಲೇ ಬಿಟ್ಟರೆ ದೇಹಕ್ಕೆ ಅದೂ ಇಲ್ಲ, ಇದೂ ಇಲ್ಲ. ಬಿ.ಪಿ. ಕುಸಿದು, ವಾಂತಿ, ಸುಸ್ತಿನಿಂದ ಪ್ರಜ್ಞೆ ತಪ್ಪಿ ಪ್ರಾಣಕ್ಕೆ ಅಪಾಯವಾಗಬಹುದು. ಆದ್ದರಿಂದ ವೈದ್ಯರು ಹೇಳಿದಂತೆ ಮೆಟ್ಟಿಲು ಇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ಸ್ಟಿರಾಯ್ಡ್‌ನಿಂದ ಮುಖ ದುಂಡಗಾಗುತ್ತದೆ, ಮೈ ಬರುತ್ತದೆ. 'ಚೆನ್ನಾಗಿ ಆಗಿದ್ದೀಯ' ಎಂದು ನೆರೆಯವರು ಹೊಗಳುತ್ತಾರೆ. ಒಳಗೆ ಸಕ್ಕರೆ, ಬಿ.ಪಿ. ಏರುತ್ತಿರಬಹುದು, ಮೂಳೆ ಸವೆಯುತ್ತಿರಬಹುದು. ಅದಕ್ಕೇ ಸ್ಟಿರಾಯ್ಡ್ ಇಳಿಸಲು ಮೆಥೋಟ್ರೆಕ್ಸೇಟ್, ಅಜಥಯೋಪ್ರಿನ್‌ನಂಥ ಬೇರೆ ಮಾತ್ರೆಗಳನ್ನು ಜೊತೆಗೆ ಕೊಡುತ್ತಾರೆ.

ಇಲ್ಲೊಂದು ಮುಖ್ಯ ಎಚ್ಚರಿಕೆ. ಈ ಕಾಯಿಲೆಗೆ ಮೆಥೋಟ್ರೆಕ್ಸೇಟ್ ನುಂಗುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಅದು ವಿಷಕ್ಕೆ ಸಮ. ಯಾವ ವಾರ ಎಂಬುದನ್ನು ಚೀಟಿಯ ಮೇಲೂ ಕ್ಯಾಲೆಂಡರಿನ ಮೇಲೂ ಕನ್ನಡದಲ್ಲೇ ದೊಡ್ಡದಾಗಿ ಬರೆದಿಡಿ. ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆದ ಚೀಟಿ ಓದಲಾಗದ ಅಜ್ಜಿ, ಅತ್ತೆಯಂದಿರು ಇರುವ ಗಡಿಯ ಮನೆಗಳಲ್ಲಿ ಇದು ತೀರಾ ಅಗತ್ಯ.

ಚಳಿ ಇದ್ದರೂ ಬಿಸಿಲಿಗೆ ಹೆದರಿ

ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಬಿಸಿಲಿನ ಅತಿನೇರಳೆ ಕಿರಣಗಳ ತೀಕ್ಷ್ಣತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಮೈಗೆ ತಂಪು ಗಾಳಿ ಹಿತವಾಗಿರುತ್ತದೆ, ಚರ್ಮ ಮಾತ್ರ ಸುಡುತ್ತಿರುತ್ತದೆ. ಡರ್ಮಟೊಮಯೋಸೈಟಿಸ್ ಇದ್ದವರಿಗೆ ಬಿಸಿಲು ಮಲಗಿದ ಕಾಯಿಲೆಯನ್ನು ಎಬ್ಬಿಸಬಹುದು. ಅಗಲ ಅಂಚಿನ ಟೋಪಿ, ತುಂಬುತೋಳಿನ ಬಟ್ಟೆ, ಕೊಡೆ, ಸನ್‌ಸ್ಕ್ರೀನ್ ಇವರಿಗೆ ಶೋಕಿಯಲ್ಲ, ಔಷಧಿ.

ಚಳಿಯದು ಇನ್ನೊಂದು ಕಾಟ. ಕೆಲವರಿಗೆ ತಣ್ಣೀರು ಮುಟ್ಟಿದರೆ ಬೆರಳು ಬಿಳಿಚಿಕೊಂಡು ನೀಲಿಯಾಗುತ್ತದೆ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಕೈಗವಸು, ಕಾಲುಚೀಲ ಬೇಕೇ ಬೇಕು. ಪಾತ್ರೆ ತೊಳೆಯಲು ಬೆಚ್ಚನೆಯ ನೀರು ಕೊಡಿ.

ಹಾಗೆಂದು ಮೂಲೆ ಹಿಡಿದು ಕೂರಬೇಕಿಲ್ಲ. ಒಂದು ಕಾಲದಲ್ಲಿ ಮಯೋಸೈಟಿಸ್ ಎಂದರೆ ಬರೀ ವಿಶ್ರಾಂತಿ ಎನ್ನುತ್ತಿದ್ದರು. ತಜ್ಞರು ಹೇಳಿಕೊಟ್ಟ ಹದವಾದ ವ್ಯಾಯಾಮದಿಂದ ಶಕ್ತಿ ಮರಳುತ್ತದೆ ಎಂಬುದು ಈಗ ಗೊತ್ತಾಗಿದೆ. ಆದರೆ ವ್ಯಾಯಾಮ ಬೇರೆ, ತಲೆ ಮೇಲೆ ಟೀ ಎಲೆಯ ಮೂಟೆ ಹೊತ್ತು ದಿಣ್ಣೆ ಹತ್ತುವುದು ಬೇರೆ.

ಆಸ್ಪತ್ರೆ ದೂರ, ದಾರಿ ಕಾಡು

ಚೆನ್ನಾಗಿದ್ದಾಗಲೂ ಆಗಾಗ ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಬೇಕು. ಬೆಟ್ಟದವರಿಗೆ ನಿಜವಾದ ಕಷ್ಟ ಇಲ್ಲೇ. 2022ರ ಜನವರಿ 12ರಂದು ತಮಿಳುನಾಡಿನಲ್ಲಿ ಉದ್ಘಾಟನೆಯಾದ 11 ವೈದ್ಯಕೀಯ ಕಾಲೇಜುಗಳಲ್ಲಿ ನೀಲಗಿರಿಯದೂ ಒಂದು. 2025ರ ಏಪ್ರಿಲ್‌ನಲ್ಲಿ ಊಟಿಯಲ್ಲಿ ಅದರ 700 ಹಾಸಿಗೆಗಳ ಆಸ್ಪತ್ರೆಯೂ ತೆರೆಯಿತು. ಆದರೂ ಇಂಥ ಅಪರೂಪದ ಕಾಯಿಲೆಗೆ ಸಂಧಿವಾತ ತಜ್ಞರನ್ನು ಹುಡುಕಿಕೊಂಡು ಕೊಯಮತ್ತೂರಿಗೋ ಮೈಸೂರಿಗೋ ವೆಲ್ಲೂರಿನ ಸಿ.ಎಂ.ಸಿ.ಗೋ ಹೋಗುವವರಿದ್ದಾರೆ.

ಮಸಿನಗುಡಿಯಿಂದ ಊಟಿಗೆ ಬರಲು ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತಬೇಕು. ಗೂಡಲೂರಿನಿಂದ ಊಟಿ ಸುಮಾರು 50 ಕಿ.ಮೀ. ಮೈಸೂರಿನ ದಾರಿಯಲ್ಲಿ ಬಂಡೀಪುರವಿದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಆಂಬುಲೆನ್ಸ್‌ಗೆ ವಿನಾಯಿತಿ ಇದೆ, ಬಾಡಿಗೆ ಕಾರಿಗೆ ಇಲ್ಲ. ಆದ್ದರಿಂದ ಗುಂಡ್ಲುಪೇಟೆ ಕಡೆಯ ನೆಂಟರ ಕಾರು ನೆಚ್ಚಿಕೊಂಡು ಸಂಜೆವರೆಗೆ ಕಾಯಬೇಡಿ. ಉಸಿರಾಟದ ತೊಂದರೆ ಕಂಡರೆ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಇನ್ನೊಂದು ಮಾತು: ತಮಿಳುನಾಡಿನ ವಿಮಾ ಕಾರ್ಡ್ ಮೈಸೂರಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಬಿಡದೆ ಬೆನ್ನು ಹತ್ತುವ ಚಿಕಿತ್ಸೆ ಈ ಜಿಲ್ಲೆಗೆ ಹೊಸದೇನಲ್ಲ. ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಇರುವುದು 1952ರಲ್ಲೇ ವರದಿಯಾಗಿತ್ತು. ಅದು ವಂಶದಿಂದ ಬರುವ ರಕ್ತದ ಕಾಯಿಲೆ, ಮಯೋಸೈಟಿಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಜೀವನವಿಡೀ ನಿಗಾ ಬೇಕಾದ್ದು ಎರಡಕ್ಕೂ ಒಂದೇ. 1990ರಲ್ಲಿ ಶುರುವಾದ 'ಅಶ್ವಿನಿ' ಸಂಸ್ಥೆ, ಗೂಡಲೂರು ಆದಿವಾಸಿ ಆಸ್ಪತ್ರೆ ಮತ್ತು ಹಾಡಿಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತರ ಮೂಲಕ ಆ ಕೆಲಸ ಮಾಡಿ ತೋರಿಸಿದೆ. ಅಂಥ ನಿಗಾ ಮಯೋಸೈಟಿಸ್‌ನವರಿಗೆ ಸದ್ಯಕ್ಕೆ ಮನೆಯವರಿಂದಲೇ ಸಿಗಬೇಕು.

ಮನೆಯವರಿಗೂ ಪಾಲಿದೆ

ಈ ಕಾಯಿಲೆ ಹೆಚ್ಚಾಗಿ ಕಾಡುವುದು ಹೆಂಗಸರನ್ನು. ಸ್ವಲ್ಪ ಚೇತರಿಸಿಕೊಂಡ ಕೂಡಲೇ ನೀರು ಹೊರುವುದು, ಸೌದೆ ತರುವುದು ಎಲ್ಲ ಮತ್ತೆ ಅವರ ತಲೆಗೇ ಬರುತ್ತದೆ. ಹೊರಗೆ ಕಾಣದ ಸುಸ್ತನ್ನು 'ಸೋಮಾರಿತನ' ಎಂದು ಕರೆದುಬಿಡುತ್ತೇವೆ. ಅತ್ತೆ, ಗಂಡ, ಬೆಳೆದ ಮಕ್ಕಳು ಇದನ್ನು ಅರಿತರೆ ಅರ್ಧ ಚಿಕಿತ್ಸೆ ಆದಂತೆ. ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ಹೇಳಬೇಕು. ಮೆಥೋಟ್ರೆಕ್ಸೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಸರಿಯಾಗಿ ಯೋಜಿಸಿ, ಮಾತ್ರೆ ಬದಲಿಸಿಕೊಂಡು ತಾಯಿಯಾದವರೂ ಇದ್ದಾರೆ.

ನೆನಪಿರಲಿ

* ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಬಿಡಬೇಡಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ.

* ಊರಿಗೆ, ಜಾತ್ರೆಗೆ ಹೋಗುವಾಗ ಮಾತ್ರೆ ಒಂದು ವಾರ ಹೆಚ್ಚೇ ಇರಲಿ. ಚೀಟಿಯ ಜೆರಾಕ್ಸ್ ಪರ್ಸಿನಲ್ಲಿರಲಿ.

* ಮೆಟ್ಟಿಲು ಮತ್ತೆ ಕಷ್ಟವಾದರೆ, ಅನ್ನ ಗಂಟಲಲ್ಲಿ ಸಿಕ್ಕಿಕೊಂಡರೆ, ಜ್ವರ, ಒಣಕೆಮ್ಮು, ಏದುಸಿರು ಬಂದರೆ ತಡಮಾಡದೆ ತೋರಿಸಿ.

* ಫ್ಲೂ, ನ್ಯುಮೋನಿಯಾ ಲಸಿಕೆ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ಯಾವ ಲಸಿಕೆಯನ್ನೂ ಕೇಳದೆ ಹಾಕಿಸಿಕೊಳ್ಳಬೇಡಿ.

* 'ಇನ್ನೂ ಯಾಕೆ ಮಾತ್ರೆ?' ಎಂದು ಯಾರಾದರೂ ಕೇಳಿದರೆ, 'ಚೆನ್ನಾಗಿರೋದೇ ಮಾತ್ರೆಯಿಂದ' ಎಂದುಬಿಡಿ.