ಮದುವೆ ಒಂದು, ಪಾಸ್‌ಪೋರ್ಟ್ ಎರಡು

1920ರ ದಶಕದ ಯುರೋಪಿನ ಹಳೆಯ ಪಾಸ್‌ಪೋರ್ಟುಗಳನ್ನು ತೆರೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅನೇಕ ಪುಸ್ತಿಕೆಗಳಲ್ಲಿ ಭಾವಚಿತ್ರ ಒಂದಲ್ಲ, ಎರಡು. ಒಂದು ಗಂಡನದು, ಅದರ ಪಕ್ಕದಲ್ಲಿ ಹೆಂಡತಿಯದು. ಆದರೆ ಪಾಸ್‌ಪೋರ್ಟ್ ಮಾತ್ರ ಗಂಡನದೇ. ಅವನು ಅದನ್ನು ಹಿಡಿದು ಒಬ್ಬನೇ ಪ್ರಯಾಣ ಮಾಡಬಹುದಿತ್ತು. ಹೆಂಡತಿ ಅದೇ ಪುಸ್ತಿಕೆ ಹಿಡಿದು ಒಬ್ಬಳೇ ಗಡಿ ದಾಟುವಂತಿರಲಿಲ್ಲ. ಗಂಡ ಯಾವ ದೇಶದವನೋ ಹೆಂಡತಿಯೂ ಆ ದೇಶದವಳು ಎಂಬುದು ಅಂದಿನ ಕಾನೂನು.

ಇಂದು ಆ ಪದ್ಧತಿ ಇಲ್ಲ. ಬೆಂಗಳೂರಿನ ಹುಡುಗಿ ಜರ್ಮನಿಯ ಹುಡುಗನನ್ನು ಮದುವೆಯಾದರೂ ಆಕೆ ಭಾರತೀಯಳಾಗಿಯೇ ಉಳಿಯುತ್ತಾಳೆ, ಆತ ಜರ್ಮನ್ ಆಗಿಯೇ ಉಳಿಯುತ್ತಾನೆ. ಇದು ಹೆಣ್ಣುಮಕ್ಕಳು ಹೋರಾಡಿ ಪಡೆದ ಹಕ್ಕು. ಆದರೆ ಈ ದಂಪತಿ ಜೊತೆಯಾಗಿ ನಾಲ್ಕು ದೇಶ ಸುತ್ತಿ ಬರೋಣವೆಂದು ಹೊರಟಾಗ ಆ ಹಕ್ಕಿಗೆ ತೆರಬೇಕಾದ ಬೆಲೆಯೂ ಗೊತ್ತಾಗುತ್ತದೆ. ಗಂಡ ಟಿಕೆಟ್ ಕೊಂಡು ವಿಮಾನ ಹತ್ತಬಹುದು. ಹೆಂಡತಿ ಬ್ಯಾಂಕಿನ ಲೆಕ್ಕ, ವಿಮೆ, ಮದುವೆಯ ಪ್ರಮಾಣಪತ್ರಗಳ ಕಟ್ಟು ಹಿಡಿದು ವೀಸಾ ಕೇಂದ್ರದ ಮುಂದೆ ನಿಲ್ಲಬೇಕು. ಹೀಗಾದದ್ದು ಹೇಗೆ?

ಗಂಡನ ದೇಶವೇ ಹೆಂಡತಿಯ ದೇಶ

ಮದುವೆಯಾದ ಹೆಣ್ಣಿಗೆ ಗಂಡನ ರಾಷ್ಟ್ರೀಯತೆಯೇ ಗತಿ ಎಂಬ ನಿಯಮವನ್ನು ಯುರೋಪಿನಲ್ಲಿ ಗಟ್ಟಿಗೊಳಿಸಿದ್ದು ನೆಪೋಲಿಯನ್ ಕಾಲದ, 1804ರ ಫ್ರೆಂಚ್ ನಾಗರಿಕ ಸಂಹಿತೆ. ಬ್ರಿಟನ್ 1870ರಲ್ಲಿ ಇದನ್ನೇ ಅನುಸರಿಸಿತು. ಅಮೆರಿಕ 1907ರಲ್ಲಿ, ವಿದೇಶಿಯನ್ನು ಮದುವೆಯಾದ ಅಮೆರಿಕನ್ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಾಳೆ ಎಂದು ಕಾಯಿದೆ ಮಾಡಿತು. ಕ್ಯಾಲಿಫೋರ್ನಿಯಾದ ಎಥೆಲ್ ಮೆಕೆಂಜಿ ಸ್ಕಾಟ್ಲೆಂಡಿನ ಗಾಯಕನೊಬ್ಬನನ್ನು ಮದುವೆಯಾಗಿದ್ದರು. ಹುಟ್ಟಿದ ರಾಜ್ಯದಲ್ಲೇ ನೆಲೆಸಿದ್ದರೂ ಮತದಾರರ ಪಟ್ಟಿಗೆ ಸೇರಲು ಹೋದಾಗ 'ನೀವು ಅಮೆರಿಕನ್ನರಲ್ಲ' ಎಂಬ ಉತ್ತರ ಬಂತು. 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

1922ರಲ್ಲಿ ಅಮೆರಿಕ ಈ ಕಾಯಿದೆಯನ್ನು ಸಡಿಲಿಸಿತು. ಆದರೆ ಒಂದು ಕೊಕ್ಕೆ ಉಳಿಸಿಕೊಂಡಿತು: ಗಂಡ ಅಮೆರಿಕದ ಪೌರನಾಗಲು ಅರ್ಹತೆ ಇಲ್ಲದ ಜನಾಂಗದವನಾದರೆ ಹೆಂಡತಿಯ ಪೌರತ್ವವೂ ಹೋಗುತ್ತದೆ. ಮರುವರ್ಷ, ಭಗತ್ ಸಿಂಗ್ ಥಿಂಡ್ ಎಂಬುವರ ಪ್ರಕರಣದಲ್ಲಿ, ಭಾರತೀಯರು 'ಬಿಳಿಯರಲ್ಲ', ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಈ ಎರಡರ ನಡುವೆ ಸಿಕ್ಕಿಬಿದ್ದವರು ಮೇರಿ ಕೀಟಿಂಜ್ ದಾಸ್. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸರನ್ನು 1924ರಲ್ಲಿ ಮದುವೆಯಾದ ಈ ಅಮೆರಿಕನ್ ಮಹಿಳೆಗೆ ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಭಾರತೀಯನ ಕೈ ಹಿಡಿದದ್ದಕ್ಕೆ ಸ್ವಂತ ದೇಶದಲ್ಲೇ ಪರಕೀಯಳಾಗಬೇಕಾಯಿತು. ಆ ಕೊಕ್ಕೆ ಕಳಚಿದ್ದು 1931ರಲ್ಲಿ.

ಬ್ರಿಟನ್ ತನ್ನ ನಿಯಮವನ್ನು ಕೈಬಿಟ್ಟದ್ದು 1948ರ ಕಾಯಿದೆಯಲ್ಲಿ. 1957ರಲ್ಲಿ ವಿಶ್ವಸಂಸ್ಥೆ, ಮದುವೆ ಅಥವಾ ವಿಚ್ಛೇದನದಿಂದ ಹೆಣ್ಣಿನ ರಾಷ್ಟ್ರೀಯತೆ ತಾನಾಗಿ ಬದಲಾಗಬಾರದು ಎಂಬ ಒಪ್ಪಂದವನ್ನು ಸಹಿಗೆ ಇಟ್ಟಿತು. ನಮ್ಮ 1955ರ ಪೌರತ್ವ ಕಾಯಿದೆಯಲ್ಲಿಯೂ ಹೆಣ್ಣು ವಿದೇಶಿಯನ್ನು ಮದುವೆಯಾದ ಮಾತ್ರಕ್ಕೆ ಪೌರತ್ವ ಹೋಗುವುದಿಲ್ಲ. ಆದರೂ ಒಂದು ತಾರತಮ್ಯ ಉಳಿದಿತ್ತು. ಭಾರತೀಯ ಗಂಡಸಿನ ವಿದೇಶಿ ಹೆಂಡತಿ ನೋಂದಣಿಯ ಮೂಲಕ ಪೌರತ್ವ ಪಡೆಯಬಹುದಿತ್ತು. ಭಾರತೀಯ ಹೆಂಗಸಿನ ವಿದೇಶಿ ಗಂಡನಿಗೆ ಆ ದಾರಿ ಇರಲಿಲ್ಲ. 1986ರ ತಿದ್ದುಪಡಿ ಈ ವ್ಯತ್ಯಾಸವನ್ನು ಅಳಿಸಿತು.

ಗಡಿಯಲ್ಲಿ ಮದುವೆಯೇ ಅನುಮಾನ

ಹೀಗೆ ದಂಪತಿಯಲ್ಲಿ ಇಬ್ಬರೂ ಸ್ವತಂತ್ರ ಪ್ರಜೆಗಳಾದರು. ಆದರೆ ಇದೇ ಕಾಲದಲ್ಲಿ ಗಡಿಗಳು ಬಿಗಿಯಾದವು. ಭಾರತೀಯರು ಬ್ರಿಟನ್ನಿಗೆ ಪ್ರವಾಸ ಹೋಗಲು 1986ರವರೆಗೆ ಮುಂಚಿತವಾಗಿ ವೀಸಾ ಪಡೆಯಬೇಕಿರಲಿಲ್ಲ ಎಂದರೆ ಇಂದಿನ ಓದುಗರು ನಂಬಲಾರರು. ಬಡ ದೇಶದಿಂದ ಬರುವವರು ವಾಪಸು ಹೋಗುವುದಿಲ್ಲ ಎಂಬ ಅಂಜಿಕೆ ಬೆಳೆದಂತೆ, ಮದುವೆ ಎಂಬುದು ಒಳಗೆ ಬರಲು ಹೂಡಿದ ತಂತ್ರವಿರಬಹುದು ಎಂಬ ಅನುಮಾನವೂ ಬೆಳೆಯಿತು.

ಈ ಅನುಮಾನ ಎಷ್ಟು ಹೀನವಾಗಬಲ್ಲದು ಎಂಬುದಕ್ಕೆ 1979ರ ಜನವರಿಯ ಘಟನೆ ಸಾಕ್ಷಿ. ಮದುವೆಯಾಗಲೆಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು, ತಾನು ಇನ್ನೂ ಅವಿವಾಹಿತೆ ಎಂದು ಹೇಳಿದ್ದನ್ನು ಅಧಿಕಾರಿಗಳು ನಂಬದೆ ಆಕೆಯನ್ನು 'ಕನ್ಯತ್ವ ಪರೀಕ್ಷೆ'ಗೆ ಒಳಪಡಿಸಿದರು. ಸುದ್ದಿ ಪತ್ರಿಕೆಗಳಲ್ಲಿ ಬಂದು ಗದ್ದಲವಾದ ಮೇಲೆ ಆ ಪದ್ಧತಿ ನಿಂತಿತು.

ಗಂಡ–ಹೆಂಡಿರ ಸಮಾನತೆಯ ಹೆಸರಿನಲ್ಲಿ ನಡೆದ ಒಂದು ವಿಚಿತ್ರವನ್ನೂ ಇಲ್ಲಿ ನೆನೆಯಬೇಕು. ಬ್ರಿಟನ್ನಿನಲ್ಲಿ ನೆಲೆಸಿದ್ದ ವಿದೇಶಿ ಮೂಲದ ಮೂವರು ಮಹಿಳೆಯರು ತಮ್ಮ ಗಂಡಂದಿರನ್ನು ಕರೆಸಿಕೊಳ್ಳಲು ಹೋದಾಗ ಅನುಮತಿ ಸಿಗಲಿಲ್ಲ. ಗಂಡಸರಾದರೆ ಹೆಂಡತಿಯರನ್ನು ಸುಲಭವಾಗಿ ಕರೆಸಿಕೊಳ್ಳಬಹುದಿತ್ತು. ಇದು ಲಿಂಗ ತಾರತಮ್ಯ ಎಂದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ತೀರ್ಪಿತ್ತಿತು. ಬ್ರಿಟಿಷ್ ಸರ್ಕಾರ ತಾರತಮ್ಯವನ್ನು ತೊಲಗಿಸಿತು ನಿಜ. ಹೇಗೆ? ಗಂಡಂದಿರಿಗಿದ್ದ ಬಿಗಿ ನಿಯಮವನ್ನು ಹೆಂಡತಿಯರಿಗೂ ಹಾಕುವ ಮೂಲಕ!

ಅಮೆರಿಕದ ವಲಸೆ ಕಾಯಿದೆಯಂತೂ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ, ಅಲ್ಲಗಳೆಯುವ ಪುರಾವೆ ಕೊಡುವವರೆಗೆ, ಅಲ್ಲಿಯೇ ನೆಲೆಸಲು ಬಂದವರೆಂದೇ ಭಾವಿಸುತ್ತದೆ. ಅಮೆರಿಕನ್ನನ ಹೆಂಡತಿ ಅತ್ತೆಯ ಮನೆಗೆ ಹದಿನೈದು ದಿನ ಹೋಗಿಬರುತ್ತೇನೆಂದರೆ, ಆ ಅತ್ತೆಯ ಮನೆಯೇ ಅನುಮಾನಕ್ಕೆ ಕಾರಣವಾಗುತ್ತದೆ.

ನಾಲ್ಕು ದೇಶ, ಮೂರು ನ್ಯಾಯ

ಮದುವೆಯನ್ನು ಅನುಮಾನದ ಬದಲು ಹಕ್ಕಾಗಿ ಕಾಣುವ ಒಂದು ವ್ಯವಸ್ಥೆ ಯುರೋಪಿಯನ್ ಒಕ್ಕೂಟದಲ್ಲಿದೆ. ಒಕ್ಕೂಟದ ಪೌರ ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ, ಜೊತೆಗೆ ಬರುವ ಅಥವಾ ಅವನನ್ನು ಸೇರಲು ಬರುವ ಸಂಗಾತಿ ಯಾವ ದೇಶದವಳಾದರೂ ಆಕೆಗೆ ವೀಸಾವನ್ನು ಶುಲ್ಕವಿಲ್ಲದೆ, ಬೇಗನೆ ಕೊಡಬೇಕು. 2004ರ ನಿರ್ದೇಶನ ಹೇಳುವುದು ಇದನ್ನೇ. ಹೋಟೆಲ್ ಬುಕಿಂಗ್, ಬ್ಯಾಂಕ್ ಲೆಕ್ಕ, ವಿಮೆ ಕೇಳುವಂತಿಲ್ಲ. ತೋರಿಸಬೇಕಾದದ್ದು ಮುಖ್ಯವಾಗಿ ಮೂರು: ಪಾಸ್‌ಪೋರ್ಟ್, ಮದುವೆಯ ದಾಖಲೆ, ಗಂಡ ಜೊತೆಗೆ ಬರುತ್ತಾನೆ ಅಥವಾ ಅಲ್ಲಿದ್ದಾನೆ ಎಂಬುದಕ್ಕೆ ಆಧಾರ. ವಿಮಾನ ನಿಲ್ದಾಣದಲ್ಲಿ ಆಕೆ ಗಂಡನ ಜೊತೆ ಒಕ್ಕೂಟದ ಪೌರರ ಸಾಲಿನಲ್ಲೇ ನಿಲ್ಲಬಹುದು.

ಇಲ್ಲಿ 'ತನ್ನದಲ್ಲದ' ಎಂಬ ಮಾತನ್ನು ಓದುಗರು ಗಮನಿಸಬೇಕು. ಗಂಡ ಸ್ವಂತ ದೇಶಕ್ಕೆ ಹೊರಟರೆ ಈ ಹಕ್ಕು ಅನ್ವಯಿಸುವುದಿಲ್ಲ. ಮೈಸೂರಿನ ಹೆಣ್ಣು, ಮ್ಯೂನಿಕ್ಕಿನ ಗಂಡು, ಇಬ್ಬರಿಗೂ ಬೆಂಗಳೂರಿನಲ್ಲಿ ಸಂಸಾರ ಎಂದಿಟ್ಟುಕೊಳ್ಳಿ. ಪ್ಯಾರಿಸ್, ಮ್ಯೂನಿಕ್, ಡಬ್ಲಿನ್, ಲಂಡನ್ ನೋಡಿ ಬರಬೇಕೆಂದು ಹೊರಟಿದ್ದಾರೆ.

ಫ್ರಾನ್ಸ್ ಮತ್ತು ಜರ್ಮನಿ ಎರಡೂ ಷೆಂಗೆನ್ ಒಪ್ಪಂದದ ದೇಶಗಳು. 1985ರಲ್ಲಿ ಐದು ದೇಶಗಳು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿನ ಹಡಗಿನಲ್ಲಿ ಸಹಿ ಹಾಕಿದ ಈ ಒಪ್ಪಂದ 1995ರಲ್ಲಿ ಜಾರಿಗೆ ಬಂತು. ಈಗ ಇದರಲ್ಲಿ 29 ದೇಶಗಳಿವೆ. ಒಂದು ವೀಸಾ ಸಾಕು. ಆದರೆ ಅದನ್ನು ಕೇಳಬೇಕಾದದ್ದು ಹೆಚ್ಚು ದಿನ ತಂಗುವ ದೇಶದ ಬಳಿ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶದ ಬಳಿ. ಪ್ಯಾರಿಸ್ಸಿನಲ್ಲಿ ಹೆಚ್ಚು ದಿನ ಇರುವುದಾದರೆ ಫ್ರಾನ್ಸಿಗೆ ಅರ್ಜಿ ಹಾಕಬೇಕು, ಆಗ ಆಕೆಗೆ ಹೆಂಡತಿಯ ಹಕ್ಕಿನ ವೀಸಾ. ಅತ್ತೆ–ಮಾವನ ಮನೆಯಲ್ಲಿ ಹೆಚ್ಚು ದಿನ ಇರುವುದಾದರೆ ಜರ್ಮನಿಗೆ ಅರ್ಜಿ, ಆಗ ಒಕ್ಕೂಟದ ಆ ಹಕ್ಕು ಇಲ್ಲ. ಗಂಡನ ತವರಿಗಿಂತ ಪಕ್ಕದ ದೇಶವೇ ಸೊಸೆಗೆ ಸಲೀಸು!

ಡಬ್ಲಿನ್ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಆದ್ದರಿಂದ ಐರ್ಲೆಂಡಿಗೆ ಬೇರೆ ವೀಸಾ; ಆದರೆ ಹೆಂಡತಿಯ ಹಕ್ಕು ಅಲ್ಲಿಯೂ ನಡೆಯುತ್ತದೆ. ಲಂಡನ್ ಎರಡರಲ್ಲೂ ಇಲ್ಲ. ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟ ಮೇಲೆ ಆಕೆ ಅಲ್ಲಿಗೆ ಎಲ್ಲ ಭಾರತೀಯರಂತೆ ಸಂದರ್ಶಕರ ವೀಸಾ ಪಡೆಯಬೇಕು. ಅದೇ ಬ್ರಿಟನ್ನಿಗೆ ಗಂಡನೂ 2025ರ ಏಪ್ರಿಲ್‌ನಿಂದ ಆನ್‌ಲೈನ್ ಪೂರ್ವಾನುಮತಿ ಪಡೆಯಬೇಕಾಗಿದೆ. ಲಂಡನ್ನಿನಿಂದ ಮತ್ತೆ ಪ್ಯಾರಿಸ್ಸಿಗೆ ಬಂದು ಊರಿಗೆ ಮರಳುವುದಾದರೆ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿರದೆ ಬಹು ಪ್ರವೇಶದ್ದಾಗಿರಬೇಕು. ಪ್ರವಾಸದ ದಾರಿ ಗೊತ್ತುಮಾಡುವಾಗಲೇ ಇದನ್ನು ನೋಡಿಕೊಳ್ಳದಿದ್ದರೆ ಹೆಂಡತಿ ಲಂಡನ್ನಿನಲ್ಲಿ, ಸಾಮಾನು ಪ್ಯಾರಿಸ್ಸಿನಲ್ಲಿ ಎಂಬಂತಾಗುತ್ತದೆ.

'ಸ್ವಂತ ದೇಶಕ್ಕೆ ಹಕ್ಕಿಲ್ಲ' ಎಂಬ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದದ್ದು ಒಬ್ಬ ಭಾರತೀಯನ ಪ್ರಕರಣ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಮಹಿಳೆಯನ್ನು ಮದುವೆಯಾದರು. ಇಬ್ಬರೂ 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದರು. ಬೇರೆ ಸದಸ್ಯ ದೇಶದಲ್ಲಿ ದುಡಿದು ತವರಿಗೆ ಮರಳುವ ಪೌರಳ ಸಂಗಾತಿಗೂ ಒಕ್ಕೂಟದ ಹಕ್ಕು ಸಲ್ಲಬೇಕು ಎಂದು ಯುರೋಪಿಯನ್ ನ್ಯಾಯಾಲಯ 1992ರ ಜುಲೈ 7ರಂದು ಹೇಳಿತು. ಇಂದಿಗೂ ಆ ದಾರಿಯನ್ನು ವಕೀಲರು 'ಸುರಿಂದರ್ ಸಿಂಗ್ ಮಾರ್ಗ' ಎಂದೇ ಕರೆಯುತ್ತಾರೆ.

ಕಾಗದದ ಮೇಲಿನ ಮದುವೆ

ವೀಸಾ ಅಧಿಕಾರಿಗೆ ಮಂಟಪದ ಫೋಟೋ, ಲಗ್ನಪತ್ರಿಕೆಗಳು ಸಾಲವು. ನೋಂದಣಿಯ ಪ್ರಮಾಣಪತ್ರ ಬೇಕು. ಭಾರತದಲ್ಲಿ ಬೇರೆ ದೇಶದವರನ್ನು ಮದುವೆಯಾಗುವವರು ಸಾಮಾನ್ಯವಾಗಿ ಆಶ್ರಯಿಸುವುದು 1954ರ ವಿಶೇಷ ವಿವಾಹ ಕಾಯಿದೆಯನ್ನು. ಅದರಲ್ಲಿ 30 ದಿನಗಳ ನೋಟಿಸ್ ಉಂಟು. ಪ್ರಮಾಣಪತ್ರ ಹೊರದೇಶದಲ್ಲಿ ನಡೆಯಬೇಕಾದರೆ ಅಪೋಸ್ಟಿಲ್ ಮುದ್ರೆ ಕೇಳಬಹುದು. ಈ ಪದ್ಧತಿಗೆ ಭಾರತ ಸೇರಿದ್ದು 2005ರಲ್ಲಿ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇರುವುದಿಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲೊಂದು, ಪ್ರಮಾಣಪತ್ರದಲ್ಲೊಂದು ಹೆಸರಿದ್ದರೆ ನಿಜವಾದ ಮದುವೆಯೂ ಕಾಗದದಲ್ಲಿ ತಪ್ಪಾಗಿ ಕಾಣುತ್ತದೆ.

ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು. 15 ದಿನ ಮುಂಚೆಯಾದರೂ ಹಾಕಬೇಕು. ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮಬದ್ಧವಾಗಿ ಬಳಸಿದ, ಭಾರತದಲ್ಲಿ ನೆಲೆಸಿದ ಭಾರತೀಯರಿಗೆ ಎರಡು ವರ್ಷದ ಬಹು ಪ್ರವೇಶ ವೀಸಾ ಕೊಡುವ ಕ್ರಮ 2024ರ ಏಪ್ರಿಲ್‌ನಲ್ಲಿ ಬಂದಿದೆ. ಆಗಾಗ ಅತ್ತೆಯ ಮನೆಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಮಾವನಿಗೆ ಹುಷಾರಿಲ್ಲ ಎಂಬ ಫೋನು ಬಂದಾಗ ಗಂಡನ ಜೊತೆಗೇ ಹೊರಡುವುದಕ್ಕೂ, ಗಂಡ ಒಬ್ಬನೇ ಹೋಗಿ ಎಲ್ಲ ಮುಗಿದ ಮೇಲೆ ತನ್ನ ವೀಸಾ ಕೈಗೆ ಬರುವುದಕ್ಕೂ ಇರುವ ಅಂತರ ಇಂಥ ಒಂದು ಚೀಟಿಯದು.

ಭಾರತಕ್ಕೆ ಬರುವ ವಿದೇಶಿ ಗಂಡನ ಅಥವಾ ಹೆಂಡತಿಯ ಪಾಡೂ ಇಂಥದೇ. ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿದರೆ ಸಾಗರೋತ್ತರ ಭಾರತೀಯ ಕಾರ್ಡಿಗೆ ಅರ್ಜಿ ಹಾಕಬಹುದು. ಆಮೇಲೆ ಪ್ರತಿ ಸಲ ವೀಸಾ ಬೇಡ. ಆದರೆ ವಿಚ್ಛೇದನವಾದರೆ ಕಾರ್ಡ್ ರದ್ದಾಗಬಹುದು. ಮದುವೆಯಿಂದ ಬಂದ ಕಾಗದ ಮದುವೆಯೊಂದಿಗೇ ಹೋಗುತ್ತದೆ.

ಎರಡು ಭಾವಚಿತ್ರಗಳ ಒಂದೇ ಪುಸ್ತಿಕೆ ಮತ್ತೆ ಬರಬೇಕೆಂದು ಯಾರೂ ಕೇಳುವುದಿಲ್ಲ. ಮೇರಿ ದಾಸ್ ಅನುಭವಿಸಿದ್ದನ್ನು ತಿಳಿದವರಂತೂ ಕೇಳಲಾರರು. ಹೆಣ್ಣಿಗೆ ತನ್ನದೇ ಪಾಸ್‌ಪೋರ್ಟ್ ಇರಲಿ. ಆದರೆ ಅದನ್ನು ತಿರುವಿ ಹಾಕುವ ಅಧಿಕಾರಿ ಮದುವೆಯ ಪ್ರಮಾಣಪತ್ರವನ್ನೂ ಅಷ್ಟೇ ಗೌರವದಿಂದ ಓದುವುದು ಸಾಧ್ಯ ಎಂಬುದನ್ನು ಯುರೋಪು ತೋರಿಸಿಕೊಟ್ಟಿದೆ. ಪಕ್ಕದ ದೇಶದವನ ಹೆಂಡತಿಗೆ ತೋರಿಸುವ ಆ ಗೌರವವನ್ನು ತನ್ನ ಪ್ರಜೆಯ ಹೆಂಡತಿಗೂ ತೋರಿಸುವುದು ಅಲ್ಲಿಯೂ ಇನ್ನೂ ಬಾಕಿ ಇದೆ.