ಕಸದ ಸಾಲಿನ ಪಲ್ಯೆ: ಕಲಬುರಗಿ–ಕಮಲಾಪುರ ಪರಿಸರದ ಬಿತ್ತದ ಸೊಪ್ಪುಗಳು

ಕಲಬುರಗಿ ಜಿಲ್ಲೆ ತೊಗರಿಯ ಕಣಜವೆಂದು ಹೆಸರಾಗಿದೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು; ಹುಮನಾಬಾದ್ ಮಾರ್ಗದಲ್ಲಿರುವ ಕಮಲಾಪುರದ ಕೆಂಪು ಬಾಳೆಗೂ ಅದೇ ಮಾನ್ಯತೆಯಿದೆ. ಆದರೆ ಇದೇ ತೊಗರಿಯ ಸಾಲುಗಳ ನಡುವೆ, ಇದೇ ಬಾಳೆತೋಟಗಳ ನೀರಿನ ಕಾಲುವೆಯ ಅಂಚಿನಲ್ಲಿ ಯಾರೂ ಬಿತ್ತದೆ ಬೆಳೆದು ಬಡವರ ರೊಟ್ಟಿಗೆ ಜೊತೆಯಾಗುವ ಸೊಪ್ಪುಗಳಿಗೆ ಬೆಳೆಗಳ ಪಟ್ಟಿಯಲ್ಲಿ ಸ್ಥಾನವಿಲ್ಲ. ಕೃಷಿಶಾಸ್ತ್ರವು ಅವುಗಳನ್ನು ಕಳೆ ಎನ್ನುತ್ತದೆ. ಹೊಲದ ಮಾತಿನಲ್ಲಿ ಅದು ಕಸ. ಕಿತ್ತು ಉಡಿಯಲ್ಲಿ ಕಟ್ಟಿಕೊಂಡ ಮೇಲೆ ಅದೇ ಪಲ್ಯೆ. ಕಸವು ಪಲ್ಯೆಯಾಗುವ ಈ ಕ್ರಿಯೆ ಎಂತಹ ತಿಳಿವಳಿಕೆಯನ್ನು ಅವಲಂಬಿಸಿದೆ, ಅದು ಇಂದು ಏಕೆ ಕ್ಷೀಣಿಸುತ್ತಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ.

ಕಪ್ಪು ನೆಲದ ಹೊಲಗಳ ಹತ್ತರಕಿ ಈ ಭಾಗದಲ್ಲಿ ಎಲ್ಲರೂ ಬಲ್ಲ ಸೊಪ್ಪು. ಅದನ್ನು ಬೇಯಿಸುವ ಅಗತ್ಯವಿಲ್ಲ. ತೊಳೆದು, ಉಳ್ಳಾಗಡ್ಡಿ ಹಾಗೂ ಶೇಂಗಾ ಹಿಂಡಿಯೊಡನೆ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಗೋಳಿ ಪಲ್ಯೆ ನೆಲಕ್ಕೆ ಹಬ್ಬುವ ರಸಭರಿತ ಸಸ್ಯ. ನೀರಿನ ಅಭಾವವಾದಾಗ ಇದು ಇಂಗಾಲದ ಡೈಆಕ್ಸೈಡನ್ನು ರಾತ್ರಿಯ ವೇಳೆ ಹೀರಿಕೊಂಡು, ಹಗಲಿನಲ್ಲಿ ತನ್ನ ತೇವವನ್ನು ಉಳಿಸಿಕೊಳ್ಳುತ್ತದೆ. ಮಳೆ ಕೈಕೊಟ್ಟಾಗಲೂ ಇದು ಹಸುರಾಗಿರಲು ಇದೇ ಕಾರಣ. ತಗಚಿಯನ್ನು ಹೂ ಬಿಡುವ ಮೊದಲು, ಎಳೆಯ ಎಲೆಯಿರುವಾಗ ಮಾತ್ರ ಕೊಯ್ಯಬೇಕು. ಹೊನಗೊನ್ನೆ ತೇವದ ನೆಲವನ್ನು ಬಯಸುವುದರಿಂದ ಕಮಲಾಪುರದಂತಹ ತೋಟಗಾರಿಕೆಯ ಪ್ರದೇಶಕ್ಕೆ ಹೊಂದಿಕೊಳ್ಳುತ್ತದೆ.

ಇವುಗಳ ಪರಿಚಯ ಒಂದೊಂದು ಗಿಡಕ್ಕೂ ಪ್ರತ್ಯೇಕವಾದುದು ಎಂಬುದು ಗಮನಾರ್ಹ. ಹತ್ತರಕಿಯನ್ನು ಮುರಿದಾಗ ಹಾಲು ಒಸರುವುದು ಸಹಜ ಲಕ್ಷಣ. ಗೋಳಿಯೆಂದು ಕಿತ್ತ ಬಳ್ಳಿಯಲ್ಲಿ ಹಾಲು ಕಂಡರೆ ಅದನ್ನು ಎಸೆಯಬೇಕು. ಅದೇ ರೀತಿ ನೆಲಕ್ಕೆ ಹಬ್ಬುವ, ವಿಷಕಾರಿಯಾದ ಯೂಫೋರ್ಬಿಯಾ ಜಾತಿಯ ಗಿಡ ಅದಾಗಿರುತ್ತದೆ. ಒಂದೇ ಹಾಲು ಒಂದು ಗಿಡದಲ್ಲಿ ಗುರುತು, ಇನ್ನೊಂದರಲ್ಲಿ ಎಚ್ಚರಿಕೆ.

ಅಣಬೆಗಳ ವಿಷಯದಲ್ಲಿ ಈ ಮಾತು ಇನ್ನೂ ಕಠಿಣವಾಗಿ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಗೆದ್ದಲ ಹುತ್ತದಿಂದ ಏಳುವ ಟರ್ಮಿಟೋಮೈಸಿಸ್ ಅಣಬೆ ರುಚಿಕರವಾದುದು. ಅದರ ಬೇರಿನಂತಹ ಉದ್ದನೆಯ ಬುಡ ನೆಲದಾಳದ ಗೆದ್ದಲ ಗೂಡಿಗೆ ಅಂಟಿಕೊಂಡಿರುತ್ತದೆ. ಆದರೆ ಹುಲ್ಲುನೆಲದಲ್ಲಿ ಬೆಳೆಯುವ, ಹಸುರು ಬೀಜಕಣಗಳ ಕ್ಲೋರೋಫಿಲ್ಲಮ್ ಅಣಬೆ ನೋಟಕ್ಕೆ ತಿನ್ನುವಂತಿದ್ದರೂ ತೀವ್ರ ವಾಂತಿಭೇದಿಯನ್ನುಂಟುಮಾಡುತ್ತದೆ. ಬೆಳ್ಳಿ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ಬದಲಾಗುವುದು, ಹುಳು ಹತ್ತುವುದು ಮೊದಲಾದ ಜನಪ್ರಿಯ ಪರೀಕ್ಷೆಗಳಾವುವೂ ವಿಶ್ವಾಸಾರ್ಹವಲ್ಲ. ಯಕೃತ್ತನ್ನು ನಾಶಮಾಡುವ ಅಮಾಟಾಕ್ಸಿನ್ ಬೇಯಿಸಿದರೂ ಉಳಿಯುತ್ತದೆ. ಅದರ ಲಕ್ಷಣಗಳು ಸಾಮಾನ್ಯವಾಗಿ 6 ರಿಂದ 24 ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಆದುದರಿಂದ ಹಿರಿಯರಿಂದ ಕಣ್ಣಾರೆ ಕಲಿತ ಗುರುತಿಲ್ಲದವರು ಅಣಬೆಯನ್ನು ಮುಟ್ಟದಿರುವುದೇ ಲೇಸು.

ಈ ಕಲಿಕೆಯ ಶಾಲೆ ಕಳೆ ತೆಗೆಯುವ ಸಾಲು. ಕೂಲಿಗೆ ಹೋದ ಹೆಂಗಸರು ಖುರಪಿ ಹಿಡಿದು ಬೆಳೆಯನ್ನು ಬಿಟ್ಟು ಕಸವನ್ನು ಕೀಳುತ್ತ, ಕಸದಲ್ಲಿ ತಿನ್ನುವುದನ್ನು ಬೇರ್ಪಡಿಸುತ್ತ ಸಾಗುತ್ತಾರೆ. ಜೊತೆಯಲ್ಲಿರುವ ಮಗಳು ನೋಡಿ ಕಲಿಯುತ್ತಾಳೆ. ಹೊಲ ಒಡೆಯನದಾದರೂ ಕಿತ್ತ ಸೊಪ್ಪು ಕಿತ್ತವಳದು. ಕೂಲಿಯ ಲೆಕ್ಕಕ್ಕೆ ಸೇರದ ಈ ಪಾಲೇ ರಾತ್ರಿಯ ಊಟದ ಪಲ್ಯೆ.

ಬಿತ್ತನೆಯಾದ ಎರಡು ಮೂರು ದಿನಗಳೊಳಗೆ ಸಿಂಪಡಿಸುವ ಪೆಂಡಿಮೆಥಾಲಿನ್‌ನಂತಹ ಕಳೆನಾಶಕಗಳು ಈ ವ್ಯವಸ್ಥೆಯನ್ನು ಬುಡದಲ್ಲಿಯೇ ಕತ್ತರಿಸುತ್ತವೆ. ಕೂಲಿಯ ವೆಚ್ಚವನ್ನು ಭರಿಸಲಾಗದ ಸಣ್ಣ ರೈತನ ಕಷ್ಟವೂ ನಿಜವಾದುದೇ. ಆದರೆ ಗೋಳಿ ಮೊಳೆಯದ ಹೊಲದಲ್ಲಿ ಗೋಳಿಯನ್ನು ತೋರಿಸಿಕೊಡಲು ಸಾಧ್ಯವಿಲ್ಲ. ಗೋಳಿಯ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರಬಲ್ಲದು; ಗುರುತಿಸುವ ಕಣ್ಣು ಒಂದು ತಲೆಮಾರು ತಪ್ಪಿದರೆ ಮರಳಿ ಬರುವುದಿಲ್ಲ. ಇತ್ತ ಕಲಬುರಗಿ ನಗರದ ಅಂಚಿನಲ್ಲಿ ಸೊಪ್ಪು ಕೊಯ್ಯುವವರಿಗೆ ಬೇರೊಂದು ಅಪಾಯವಿದೆ: ಚರಂಡಿ ಹಾಗೂ ಹೆದ್ದಾರಿಯ ಬದಿಯ ಸಸ್ಯಗಳು ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳನ್ನು ಹೀರಿಕೊಂಡಿರಬಹುದು.

ನೆರೆಯ ತೆಲಂಗಾಣದ ಜಹೀರಾಬಾದ್ ಭಾಗದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು, ಮೈಸೂರು ಮೂಲದ ಪಿ.ವಿ. ಸತೀಶ್ (1945–2023) ಅವರ ಮುಂದಾಳುತನದಲ್ಲಿ, ದಲಿತ ಮಹಿಳೆಯರ ಹೊಲಗಳ ಬಿತ್ತದ ಸೊಪ್ಪುಗಳನ್ನು ಆಹಾರವೆಂದೇ ಪರಿಗಣಿಸಿ ದಾಖಲಿಸಿತು. ಅಂತಹ ಕಾರ್ಯ ಗಡಿಯ ಈಚೆಗೂ ನಡೆಯಬೇಕಾಗಿದೆ. ಗಿಡದ ಮಾದರಿ, ಸ್ಥಳೀಯ ಹೆಸರು, ಕೊಯ್ಯುವ ಹದ, ಅಡುಗೆಯ ಕ್ರಮ ಇವೆಲ್ಲವನ್ನೂ ಒಟ್ಟಿಗೆ ದಾಖಲಿಸಿದಲ್ಲಿ ಮಾತ್ರ ಅದು ಉಪಯುಕ್ತವಾದೀತು. ಅದಕ್ಕೆ ಸಂಶೋಧಕರು ಮೊದಲು ಭೇಟಿ ನೀಡಬೇಕಾದುದು ಗ್ರಂಥಾಲಯಕ್ಕಲ್ಲ, ಕಳೆ ತೆಗೆಯುವ ಸಾಲಿಗೆ.